ಹನ್ನೊಂದು ಗಡಿಗೆ ನೀರು

ಕಲ್ಲಿಗೆ ದೇವರನ್ನು ಒಳಗೆ ಕರೆದುಕೊಳ್ಳುವುದು ಗೊತ್ತು, ಅಲೆಯನ್ನು ಕರೆದುಕೊಳ್ಳುವುದು ಗೊತ್ತಿಲ್ಲ. ಇಳಕಲ್ಲಿನ ಕಡಪಟ್ಟಿ ಮನೆತನದವರಿಗೆ ಇಷ್ಟು ತಿಳಿಯಲು ಆರು ವರ್ಷ ಬೇಕಾಯಿತು. ಅವರ ಮನೆ ನಾಲ್ಕು ಅಂತಸ್ತಿನದು. ಬುಡದಿಂದ ತುದಿಯವರೆಗೆ ಊರಿನದೇ ಕೆಂಪು ಕಲ್ಲು, ಒಂದೊಂದು ಗೋಡೆಯೂ ಮೊಳ ದಪ್ಪ. ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಗೋಡೆಯ ಆಚೆ ಅತ್ತರೆ ಈಚೆ ಕೇಳುವುದಿಲ್ಲ.

ಅಂಥ ಮನೆಗೆ ಬೀದಿಯಿಂದ ಬಂದ ಇಂಟರ್ನೆಟ್ಟಿನ ತಂತಿ ಕೆಳಗಿನ ಪಡಸಾಲೆಯಲ್ಲಿ, ದೇವರ ಕೋಣೆಯ ಬಾಗಿಲ ಪಕ್ಕದ ಗೂಡಿನಲ್ಲಿ, ಒಂದು ವೈಫೈ ಡಬ್ಬಿಗೆ ಬಂದು ಮುಗಿಯುತ್ತಿತ್ತು. ಡಬ್ಬಿ ತನ್ನ ಪಾಡಿಗೆ ತಾನು ಮಿಣುಕುತ್ತಿತ್ತು. ಅದರ ಅಲೆ ಮೊದಲ ಅಂತಸ್ತಿಗೆ ಏರುವಷ್ಟರಲ್ಲಿ ದಣಿದು, ಎರಡನೆಯದರಲ್ಲಿ ಮೊಣಕಾಲೂರಿ, ಮೂರನೆಯದಕ್ಕೆ ಮುಟ್ಟುತ್ತಲೇ ಇರಲಿಲ್ಲ. ಮೆಟ್ಟಿಲ ತಿರುವಿಗೊಂದರಂತೆ ಇನ್ನೂ ಮೂರು ಡಬ್ಬಿ ಕೂರಿಸಿದರು. ಒಂದು ಡಬ್ಬಿ ಕೇಳಿದ್ದನ್ನು ಇನ್ನೊಂದು ಹೇಳಬೇಕು, ಹೇಳುವಾಗ ಅರ್ಧ ಕಳೆಯುತ್ತದೆ. ಕೊನೆಗೆ ಮೇಲೆ ಮುಟ್ಟಿದ್ದು ನಾಲ್ಕು ಬಾಯಿ ದಾಟಿದ ಸುದ್ದಿಯಷ್ಟೇ ನಂಬಿಕಸ್ತವಾಗಿತ್ತು.

ಹಾಗಾಗಿ ಮನೆಮಂದಿಯೆಲ್ಲ ಫೋನು ಹಿಡಿದು ಕೆಳಗೆ ಬರುತ್ತಿದ್ದರು. ಪಡಸಾಲೆಯ ಕಂಬಕ್ಕೆ ಒರಗಿ ಒಬ್ಬರು, ಮೆಟ್ಟಿಲ ಮೇಲೆ ಮೂವರು, ಜಮಖಾನೆಯ ಮೇಲೆ ಅಡ್ಡಡ್ಡ ಮಲಗಿ ಮಕ್ಕಳು. ಆ ಪಡಸಾಲೆ ಬಸಲಿಂಗವ್ವನದು. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮೂವರು ತಮ್ಮಂದಿರನ್ನು ಬೆಳೆಸಿ, ಅವರ ಮಕ್ಕಳನ್ನೂ ಬೆಳೆಸಿ, ಅರವತ್ತೆಂಟಕ್ಕೆ ಬಂದು ನಿಂತಿದ್ದಳು. ತಮ್ಮಂದಿರು ಒಂದೊಂದು ಅಂತಸ್ತು ಹಂಚಿಕೊಂಡು, ಒಂದೊಂದು ಒಲೆ ಹೂಡಿದ್ದರು. ಅವಳನ್ನೂ ಸೇರಿಸಿ ಮನೆಯಲ್ಲಿ ಹನ್ನೆರಡು ಜನ. ಮಕ್ಕಳಿಗೆಲ್ಲ ಅವಳು ಅತ್ತಿ. ಸೊಸೆಯಂದಿರೂ ಮಕ್ಕಳ ಬಾಯಿಂದ ಕಲಿತು ಅತ್ತಿ ಎಂದೇ ಕರೆಯುತ್ತಿದ್ದರು.

ಬಳ್ಳಿ ಬಂದದ್ದು ಈ ಮನೆಗೆ.

ಬಳ್ಳಿ ಎಂದರೆ ಹುಬ್ಬಳ್ಳಿಯ ಒಂದು ಪ್ರಯೋಗಶಾಲೆಯಲ್ಲಿ ಹುಟ್ಟಿದ ಯಂತ್ರ. ಅದಕ್ಕೆ ಎಂಟು ಗೆಣ್ಣು, ಎಂದರೆ ಗೋಡೆಗೆ ಕೂರಿಸುವ ಸಣ್ಣ ಡಬ್ಬಿಗಳು, ಅಂತಸ್ತಿಗೆ ಎರಡರಂತೆ. ಉಳಿದ ಡಬ್ಬಿಗಳು ಅಲೆಯನ್ನು ನಾಲ್ಕೂ ದಿಕ್ಕಿಗೆ ಎರಚುತ್ತವೆ. ಬಳ್ಳಿ ಹಾಗಲ್ಲ, ಮನೆಯಲ್ಲಿ ಯಾರು ಎಲ್ಲಿದ್ದಾರೆ ಎಂದು ನೋಡಿ, ಬಾಗಿಲ ಸಂದಿಯಲ್ಲಿ, ಮೆಟ್ಟಿಲ ಬಾಯಲ್ಲಿ ದಾರಿ ಹುಡುಕಿ, ಅವರಿದ್ದಲ್ಲಿಗೇ ಅಲೆಯನ್ನು ಹಬ್ಬಿಸುತ್ತದೆ. ಒಂದು ತಿಂಗಳು ಮನೆಯ ರೂಢಿಯನ್ನು ಕಲಿತರೆ ಆಮೇಲೆ ಕೇಳುವುದಕ್ಕೂ ಕಾಯುವುದಿಲ್ಲ. ಇಂಥವರು ಇಷ್ಟು ಹೊತ್ತಿಗೆ ಇಲ್ಲಿ ಕೂರುತ್ತಾರೆ ಎಂದು ಮೊದಲೇ ಹೋಗಿ ಕಾಯುತ್ತದೆ. ಇದನ್ನು ಕಟ್ಟಿದವಳು ದಾಕ್ಷಾಯಣಿ ಹೂಗಾರ.

ಶ್ರಾವಣದ ಮೊದಲ ದಿನ ಅವಳೇ ಏಣಿ ಹತ್ತಿ ಗೆಣ್ಣುಗಳನ್ನು ಕೂರಿಸಿದಳು. ಕೆಳಗೆ ನಿಂತ ಬಸಲಿಂಗವ್ವ ಕೇಳಿದಳು:

“ಅಲ್ಲ ತಂಗಿ, ಅದಕ್ಕ ಕಣ್ಣಿಲ್ಲ ಅಂತಿ. ಮತ್ತ ನಾ ಇಲ್ಲಿ ಕುಂತೇನಿ ಅಂತ ಹೆಂಗ ತಿಳೀತೈತಿ?”

“ನೀರಿನ ಮ್ಯಾಲಿಂದ ರೀ ಅತ್ತಿ. ಅಲೆ ಗಾಳ್ಯಾಗ ಸಸಾರ ಹೋಗತೈತಿ, ನೀರ ಸಿಕ್ಕರ ಅದು ಕುಡದ ಬಿಡತೈತಿ. ನಮ್ಮ ಮೈತುಂಬ ನೀರಽ ಅಲ್ರಿ? ಎಲ್ಲಿ ಅಲೆ ಕಡಿಮಿ ಆತು, ಅಲ್ಲಿ ಮನಶ್ಯಾ ಅದಾನ ಅಂತ ತಿಳಕೋತೈತಿ.”

“ಅಂದ್ರ ಅದರ ಲೆಕ್ಕದಾಗ ನಾ ಒಂದ ಗಡಿಗಿ ನೀರು.”

“ಹಂಗಽ ಅನ್ರಿ.” ದಾಕ್ಷಾಯಣಿ ನಕ್ಕಳು.

“ಖರೇ ಹೇಳೇತಿ ಬಿಡು,” ಎಂದು ಬಸಲಿಂಗವ್ವನೂ ನಕ್ಕಳು. “ತುಂಬಿದ್ದು ಅವನು, ಒಡದಾಗ ಒಯ್ಯಾಂವನೂ ಅವನಽ. ನಡುವ ಮೂಲ್ಯಾಗ ಕುಂತಿರೂದು ನಮ್ಮ ಕೆಲಸಾ. ನೀ ಯಾರ ಪೈಕಿ?”

“ಹೂಗಾರ್ರು ರೀ. ನಮ್ಮಪ್ಪ ಪತ್ರಿ ಕೊಡತಿದ್ರು.”

ಅಷ್ಟೇ ಸಾಕಾಯಿತು. ಬೆಳಗು ಹರಿಯುವ ಮೊದಲೇ ಬುಟ್ಟಿ ಹೊತ್ತು ಮನೆಮನೆಗೆ ಬಿಲ್ವಪತ್ರೆ ಮುಟ್ಟಿಸುವ ಹೂಗಾರರ ಮಗಳು ಎಂದರೆ ಆ ಮನೆಗೆ ಹೊರಗಿನವಳಲ್ಲ. ಸಂಜೆಯ ಬಸ್ಸಿಗೆ ಹೊರಟವಳನ್ನು ಬಸಲಿಂಗವ್ವ ತಡೆದಳು. “ಇವತ್ತ ಪುರಾಣ ಸುರು. ಕೇಳಿ ಹೋಗು.”

ಅದು ಆ ಮನೆತನದ ಕೈಬರಹದ ಪುರಾಣ, ಹೂವಿನ ಶರಣನೊಬ್ಬನ ಕಥೆ. ಮುತ್ತಜ್ಜ ನಕಲು ಮಾಡಿದ್ದು, ಪ್ರತಿ ಶ್ರಾವಣ ಸಂಜೆ ಏಳರಿಂದ ಎಂಟರವರೆಗೆ ಓದು. ಆ ಒಂದು ತಾಸು ಫೋನುಗಳೆಲ್ಲ ದೇವರ ಗೂಡಿನಲ್ಲಿ. ಮೂರು ಅಂತಸ್ತಿನವರೂ ಇಳಿದು ಬಂದು, ಪ್ರತಿ ವರ್ಷ ಕೂರುವ ತಮ್ಮ ತಮ್ಮ ಜಾಗದಲ್ಲಿ ಕೂತರು. ಹಿರಿಯ ತಮ್ಮ ಸಿದ್ರಾಮಪ್ಪ ಗೋಡೆಗೆ, ಮೂರನೆಯ ಅಂತಸ್ತಿನ ಸೊಸೆ ವಿದ್ಯಾ ಮೆಟ್ಟಿಲ ಬುಡಕ್ಕೆ. ದಾಕ್ಷಾಯಣಿ ಬಾಗಿಲ ಹತ್ತಿರದ ಕಂಬಕ್ಕೆ ಒರಗಿ ಕೂತಳು. ಬಸಲಿಂಗವ್ವನ ದನಿ ದೊಡ್ಡದಲ್ಲ. ಬಾವಿಯಲ್ಲಿ ಹಗ್ಗ ಇಳಿದ ಹಾಗೆ ತಣ್ಣಗೆ ಇಳಿಯುತ್ತ ಹೋಗುವುದು.

ಹೊರಡುವಾಗ ದಾಕ್ಷಾಯಣಿ ಹಿಂತಿರುಗಿ ನೋಡಿದಳು. ಬಾಗಿಲ ಚೌಕಟ್ಟಿನಲ್ಲಿ ಹನ್ನೆರಡು ಜನ. ಮನೆ ಎಂದರೆ ಇದು ಅಂದುಕೊಂಡಳು.

*

ಹುಬ್ಬಳ್ಳಿಯ ಪ್ರಯೋಗಶಾಲೆಯಲ್ಲಿ ಒಂದು ಉದ್ದನೆಯ ಕೋಣೆ, ಗೋಡೆಯ ತುಂಬ ಪರದೆಗಳು. ಪ್ರಯೋಗಕ್ಕೆ ಒಪ್ಪಿದ ಒಂಬತ್ತು ಮನೆಗಳು ಅಲ್ಲಿ ಗೆರೆಗಳಾಗಿ ಕಾಣುತ್ತಿದ್ದವು. ಮುಖವಿಲ್ಲ, ಹೆಸರಿಲ್ಲ. ಗೆರೆಗಳ ಒಳಗೆ ಸಣ್ಣ ಹಸಿರು ಚುಕ್ಕಿ, ಮನುಷ್ಯನಿಗೊಂದು. ಹತ್ತಿರ ಹೋಗಿ ನೋಡಿದರೆ ಪ್ರತಿ ಚುಕ್ಕಿಯೂ ಸಣ್ಣಗೆ ಹಿಗ್ಗಿ ಕುಗ್ಗುತ್ತಿತ್ತು. ಅದು ಉಸಿರು. ಎದೆ ಏರಿಳಿದಾಗ ಅಲೆ ಕೂದಲೆಳೆಯಷ್ಟು ಸರಿಯುತ್ತದೆ, ಅಷ್ಟನ್ನೂ ಬಳ್ಳಿ ಹಿಡಿಯುತ್ತಿತ್ತು.

ಶ್ರಾವಣದಲ್ಲಿ ಸಂಜೆ ಏಳಾದರೆ ದಾಕ್ಷಾಯಣಿಯ ಕಣ್ಣು ಐದನೆಯ ಪರದೆಗೆ ಹೋಗುವುದು. ಮೇಲಿನ ಅಂತಸ್ತುಗಳ ಚುಕ್ಕಿಗಳು ಒಂದೊಂದಾಗಿ ಮೆಟ್ಟಿಲಿಳಿದು, ಹನ್ನೆರಡೂ ಪಡಸಾಲೆಯಲ್ಲಿ ಅರ್ಧಚಂದ್ರದಂತೆ ಕೂರುವುವು. ಮೊದಮೊದಲು ಬೇರೆ ಬೇರೆ ತಾಳದಲ್ಲಿ ಹಿಗ್ಗಿ ಕುಗ್ಗುತ್ತಿದ್ದವು, ಓದು ಸಾಗಿದಂತೆ ಒಂದೇ ತಾಳಕ್ಕೆ ಬರುವುವು. ಆ ಹೊತ್ತಿಗೆ ಅವಳು ಮಧ್ಯಾಹ್ನದ ಡಬ್ಬಿಯಲ್ಲಿ ಉಳಿದ ಅರ್ಧ ರೊಟ್ಟಿಯನ್ನು ಬಿಚ್ಚಿ, ಪರದೆಯ ಎದುರೇ ಉಣ್ಣುವಳು. ಅಪ್ಪ ತೀರಿಕೊಂಡ ಮೇಲೆ ಯಾರೊಂದಿಗಾದರೂ ಕೂತು ಉಂಡ ನೆನಪು ಅವಳಿಗಿರಲಿಲ್ಲ.

“ಏನವಾ, ಮತ್ತ ಇಳಕಲ್ಲಿನ ಧಾರಾವಾಹಿ ಹಚ್ಚಿ ಕುಂತೇನು?” ಎಂದು ಅವಳ ಮೇಲಿನ ಅಧಿಕಾರಿ ಇನಾಮದಾರರು ಹೋಗುತ್ತ ಬರುತ್ತ ಚೇಷ್ಟೆ ಮಾಡುವರು.

“ಕಥಿ ಛೊಲೋ ನಡದೈತಿ ಸರ್,” ಎನ್ನುವಳು.

ಕಡೆಯ ನಾಲ್ಕು ದಿನ ಆ ಪರದೆಯಲ್ಲಿ ಒಂದೇ ಚುಕ್ಕಿ. ಶ್ರಾವಣ ಮುಗಿಯಿತು. ಭಾದ್ರಪದದ ಮೂರನೆಯ ದಿನವೇ ಸಿದ್ರಾಮಪ್ಪನ ಫೋನು.

“ತಂಗಿ, ಇದೇನ ಬಳ್ಳಿ ಹಬ್ಬಿಸಿದಿ? ಹಗಲೆಲ್ಲಾ ಕುದರಿ ಓಡಿದಂಗ ಓಡತೈತಿ, ಸಂಜೀಕ ಏಳಾತಂದ್ರ ಮ್ಯಾಲಿನ ಮೂರೂ ಅಂತಸ್ತು ಮಸಣಾ. ಎಂಟಕ್ಕ ಮತ್ತ ಜೀವಾ ಬರತೈತಿ. ವಿದ್ಯಾ ಅದಽ ಹೊತ್ತಿಗೆ ಮಕ್ಕಳಿಗೆ ಗಣಿತಾ ಕಲಸತಾಳ, ಫೋನಿನಾಗ. ಹದಿನಾಲ್ಕು ಮಕ್ಕಳು ಬಾಯಿ ತಕ್ಕೊಂಡು ಕಲ್ಲಾಗಿ ಕುಂದರತಾವಂತ.”

ದಾಕ್ಷಾಯಣಿಗೆ ತಪ್ಪು ಕೂಡಲೇ ಹೊಳೆಯಿತು, ನಾಚಿಕೆಯೂ ಆಯಿತು. ಶ್ರಾವಣದಲ್ಲಿ ಕಲಿಯಲು ಬಿಟ್ಟಿದ್ದಳು! ಏಳಕ್ಕೆ ಹನ್ನೆರಡೂ ಜನ ಪಡಸಾಲೆಯಲ್ಲಿರುತ್ತಾರೆ ಎಂಬುದನ್ನೇ ಬಳ್ಳಿ ಆ ಮನೆಯ ಧರ್ಮ ಎಂದು ಕಲಿತಿತ್ತು. ವರ್ಷದ ಉಳಿದ ಹನ್ನೊಂದು ತಿಂಗಳನ್ನು ಅದು ಕಂಡೇ ಇರಲಿಲ್ಲ. ಈಗ ಆ ಹೊತ್ತಿಗೆ ತನ್ನ ಬಲವನ್ನೆಲ್ಲ ಕೆಳಗೆ ತಂದು ಸುರಿದು ಕಾಯುತ್ತಿತ್ತು.

“ಒಂದೊಂಬತ್ತು ದಿನಾ ತಡೀರಿ ಕಾಕಾರ. ಯಾರೂ ಕೆಳಗ ಬರಂಗಿಲ್ಲ ಅಂತ ತಿಳೀತಂದ್ರ ತಾನಽ ಮರೀತೈತಿ.”

ಒಂಬತ್ತು ದಿನ ಕಳೆದು, ಹದಿನೈದೂ ಆಯಿತು. ಗಣಪತಿ ಕೂತು ಎದ್ದ. ಬಳ್ಳಿ ಮರೆಯಲಿಲ್ಲ.

“ದಾಕ್ಷಾಯಣಿ, ನಿನ್ನ ಇಳಕಲ್ಲ ಮನಿ ಮತ್ತ ಅಳಾಕತ್ತೇತಿ ನೋಡು,” ಎಂದರು ಇನಾಮದಾರರು. ಈ ಸಲ ಚೇಷ್ಟೆ ಇರಲಿಲ್ಲ. “ಸೋಮವಾರ ದೊಡ್ಡವರೆಲ್ಲಾ ನೋಡಾಕ ಬರತಾರ. ಒಂದ ಮನಿ ಒಪ್ಪಲಿಲ್ಲಂದ್ರ ಬಳ್ಳಿ ಬೇರ ಸಮೇತ ಕಿತ್ತಂಗಽ.”

ಏಳು ಗಂಟೆಗೆ ಅವಳು ಐದನೆಯ ಪರದೆಯನ್ನು ಹತ್ತಿರ ಎಳೆದುಕೊಂಡಳು. ಅವಳ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ಬಲವೆಲ್ಲ ಕೆಳಗಿಳಿದಿದ್ದರಿಂದ ಮೇಲಿನ ಅಂತಸ್ತುಗಳಲ್ಲಿ ಏನೂ ಕಾಣುತ್ತಿರಲಿಲ್ಲ. ಪಡಸಾಲೆಯಲ್ಲಿ ಹನ್ನೆರಡು ಚುಕ್ಕಿಗಳಿದ್ದವು. ಅದೇ ಅರ್ಧಚಂದ್ರ. ಗೋಡೆಗೊಂದು, ಮೆಟ್ಟಿಲ ಬುಡಕ್ಕೊಂದು. ಅವಳು ಫೋನು ಹಚ್ಚಿದಳು. “ಕಾಕಾರ, ಮನಿಮಂದಿ ಈಗ ಎಲ್ಲೆಲ್ಲಿ ಅದಾರ್ರಿ?”

“ಎಲ್ಲಿ ಇರತಾರವಾ? ಮ್ಯಾಲಽ. ನಿನಗ ಬೈಕೋತ ಕುಂತೇವಿ.”

ಹಾಗಾದರೆ ಕೆಳಗೆ ಕೂತವರು ಯಾರು?

ಚಿತ್ರವನ್ನು ಹಿಗ್ಗಿಸಿದಳು. ನಡುವಿನ ಒಂದು ಚುಕ್ಕಿ ನಿಧಾನಕ್ಕೆ ಹಿಗ್ಗಿ ಕುಗ್ಗುತ್ತಿತ್ತು. ಉಳಿದ ಹನ್ನೊಂದು ಹಿಗ್ಗಲಿಲ್ಲ, ಕುಗ್ಗಲೂ ಇಲ್ಲ. ಉಸಿರಿಲ್ಲದೆ ಕೂತು ಕೇಳುತ್ತಿದ್ದವು.

ಹಿಂದೆ ನಿಂತಿದ್ದ ಇನಾಮದಾರರು ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು. “ಯಾರವಾ ಇವರು?” ಎಂದರು ಮೆಲ್ಲಗೆ.

ದಾಕ್ಷಾಯಣಿಗೆ ದೆವ್ವದ ಭಯವಿರಲಿಲ್ಲ. ತಾನೇ ಏಣಿಯ ಮೇಲೆ ನಿಂತು ನಗುತ್ತ ಆಡಿದ ಮಾತೊಂದು ನೆನಪಿಗೆ ಬಂದು, ಎದೆಯಲ್ಲಿ ಸಣ್ಣಗೆ ಏನೋ ಒಡೆದ ಹಾಗಾಗಿತ್ತು.

*

ಮರುದಿನ ಸಂಜೆ ಇಳಕಲ್ಲು ಮುಟ್ಟಿದಾಗ ಏಳು ಹೊಡೆಯಲು ಐದು ನಿಮಿಷವಿತ್ತು. ಬಾಗಿಲು ಮುಚ್ಚಿರಲಿಲ್ಲ. ಒಳಗೆ ದೀಪದ ಸಮೆ ಹೊತ್ತಿಸಿದ್ದರು.

ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಅದರ ಮೇಲೆ ಹನ್ನೊಂದು ಮಣ್ಣಿನ ಗಡಿಗೆಗಳು. ಕೆಲವು ದೊಡ್ಡವು, ಕೆಲವು ಮಕ್ಕಳ ಗಾತ್ರದವು. ಕಂಠದವರೆಗೆ ನೀರು, ಮೈಮೇಲೆ ಮೂರು ಬೆರಳ ವಿಭೂತಿ. ಗೋಡೆಗೊಂದು, ಮೆಟ್ಟಿಲ ಬುಡಕ್ಕೊಂದು. ನಡುವೆ ವ್ಯಾಸಪೀಠ, ಅದರ ಹಿಂದೆ ಬಸಲಿಂಗವ್ವ. ಅವಳ ಸೆರಗಿನ ತುದಿ ನೀರು ಹೊತ್ತು ಒದ್ದೆಯಾಗಿತ್ತು.

“ಬಾ ತಂಗಿ,” ಎಂದಳು, ಕಾದಿದ್ದವಳ ಹಾಗೆ. “ಚಪ್ಪಲಿ ಹೊರಗ ಬಿಟ್ಟು ಬಾ. ಓದಾಕ ಕುಂತೇನಿ.”

ದಾಕ್ಷಾಯಣಿ ಕಂಬದ ಹತ್ತಿರ ಕೂತಳು. ಪುರಾಣದಲ್ಲಿ ಹೂವಿನ ಶರಣ ಒಂದು ಮನೆಯ ಬಾಗಿಲಿಗೆ ಪತ್ರೆ ತಂದಿದ್ದ. ಬಾಗಿಲು ತೆರೆಯುವುದಿಲ್ಲ. ಕರೆಯುವುದಿಲ್ಲ ಅವನು, ಹೊಸ್ತಿಲ ಮೇಲೆ ಮೂರು ದಳ ಇಟ್ಟು ಹೋಗುತ್ತಾನೆ. ಮರುದಿನ ಮತ್ತೆ ಬರುತ್ತಾನೆ. ನಿನ್ನೆಯ ದಳ ಬಾಡಿ ಅಲ್ಲೇ ಇರುತ್ತದೆ. ಅದರ ಪಕ್ಕ ಹೊಸದನ್ನು ಇಡುತ್ತಾನೆ. ದಾಕ್ಷಾಯಣಿಗೆ ಅಪ್ಪನ ಬೆರಳು ಕಂಡಿತು. ನಲವತ್ತೆರಡು ಮನೆಯ ಗೂಡುಗಳಲ್ಲಿ ಪತ್ರೆ ಇಟ್ಟು, ಯಾರನ್ನೂ ಎಬ್ಬಿಸದೆ ಬರುತ್ತಿದ್ದ ಬೆರಳು.

ಓದು ನಿಂತಾಗ ಕೇಳಿದಳು: “ಇವೆಲ್ಲಾ ಯಾಕ್ರಿ ಅತ್ತಿ?”

“ನಮ್ಮ ಮನಿ ಪದ್ಧತಿ ತಂಗಿ. ಪುರಾಣ ಸುರು ಆದಾಗ ಯಾರ್ಯಾರು ಕುಂತಿರತಾರ, ಮಂಗಳಾರತಿಗೂ ಅವರು ಇರಬೇಕು. ಯಾರರ ಊರಾಗ ಇಲ್ಲಂದ್ರ ಅವರ ಜಾಗಾದಾಗ ಒಂದ ತುಂಬಿದ ಗಡಿಗಿ ಇಡೂದು. ಗಡಿಗಿ ಕೇಳತೈತಿ, ಅವರಿಗೆ ಮುಟ್ಟತೈತಿ. ಈ ಸಲ ಶ್ರಾವಣದ ಕಡೇ ನಾಕ ದಿನಾ ಎಲ್ಲಾರೂ ತೊಟ್ಟಿಲಕ್ಕಂತ ವಿಜಾಪುರಕ್ಕ ಹೋದ್ರು. ಕಡೇ ಅಧ್ಯಾಯ ಉಳೀತು. ಬಂದ ಮ್ಯಾಲ ಮುಗಸೂಣು ಅಂದೆ. ನಾಳೆ ಅತ್ತಿ, ನಾಡದ ಅತ್ತಿ ಅಂದ್ರು.” ಬಸಲಿಂಗವ್ವ ಹತ್ತಿರದ ಗಡಿಗೆಯನ್ನು ಬೆರಳಿನಿಂದ ಸವರಿದಳು. “ಇವು ಅವರವಽ. ಯುಗಾದಿಗೊಮ್ಮೆ ಮನಿಮಂದಿಗೆಲ್ಲಾ ಒಂದೊಂದು ತರತಿದ್ದೆ, ತಣ್ಣೀರಿಗೆ. ಮ್ಯಾಲೆ ಫ್ರಿಜ್ಜು ಬಂದುವು, ಗಡಿಗಿ ಕೆಳಗ ಬಂದುವು.”

ದಾಕ್ಷಾಯಣಿಗೆ ಯಂತ್ರದ ಕಡೆಯದೂ ಅರ್ಥವಾಯಿತು. ತಾಮ್ರದ ಕೊಡವಾಗಿದ್ದರೆ ಅಲೆ ತಾಗಿ ಮರಳುತ್ತಿತ್ತು, ಬಳ್ಳಿ ಅದನ್ನು ಪಾತ್ರೆಯೆಂದೇ ಗುರುತಿಸುತ್ತಿತ್ತು. ಮಣ್ಣು ಅಲೆಯನ್ನು ಒಳಗೆ ಬಿಟ್ಟುಕೊಂಡಿತು, ನೀರು ಕುಡಿಯಿತು. ಮಾಳಿಗೆಯ ನೀರಿನ ಟಾಕಿಯಂತೆ ಸದಾ ಒಂದೇ ಕಡೆ ಇದ್ದಿದ್ದರೂ ಬಳ್ಳಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇವು ಏಳಕ್ಕೆ ಬಂದು ಎಂಟಕ್ಕೆ ಹೋಗುತ್ತಿದ್ದವು, ಮನುಷ್ಯರ ಹಾಗೆ. ಇನ್ನು ಉಸಿರು? ಕಂಬಳಿ ಹೊದ್ದು ಮಲಗಿದವರ ಉಸಿರು ಅಲೆಗೆ ಸಿಗುವುದಿಲ್ಲ ಎಂದು, ಉಸಿರು ಕಾಣದಿದ್ದರೂ ಮನುಷ್ಯನೆಂದೇ ನಂಬು ಎಂದು ಬಳ್ಳಿಗೆ ಕಲಿಸಿದವಳು ತಾನೇ.

“ಇಪ್ಪತ್ತ ದಿನಾ ಆತಲ್ರಿ,” ಎಂದಳು. “ಒಂದ ಅಧ್ಯಾಯ ಇಷ್ಟ ದೊಡ್ಡದೇನ್ರಿ?”

ಬಸಲಿಂಗವ್ವ ಸಮೆಯ ಬತ್ತಿಯನ್ನು ಮುಂದೆ ಮಾಡಿದಳು, ಮುಂದೆ ಮಾಡುವ ಅಗತ್ಯವಿರಲಿಲ್ಲ.

“ದೇವರ ಮುಂದ ಸುಳ್ಳ ಹೇಳಬಾರದು. ಮದಲನೇ ದಿನಾ ಪುರಾಣಕ್ಕಂತ ಇಟ್ಟೆ. ಅವತ್ತ ವಿದ್ಯಾ ಕೆಳಗ ಬಂದ್ಲು, ಮ್ಯಾಲೆ ಸಿಗ್ನಲ್ ಇಲ್ಲಂತ. ಒಂದ ತಾಸು ಆ ಮೆಟ್ಟಲ ಮ್ಯಾಲೆ ಕುಂತು ಪಾಠಾ ಮಾಡಿದ್ಲು. ನನ್ನ ಕೂಡ ಮಾತಾಡಲಿಲ್ಲ. ಇರ್ಲಿ, ಕುಂತಿದ್ಲು. ಆಮ್ಯಾಲ ನೀ ಹೇಳಿದ್ದು ನೆಪ್ಪಾತು, ಗಡಿಗಿ ನೀರು ಅಂತ. ಎರಡನೇ ದಿನಾ ನಾ ಪುರಾಣಕ್ಕ ಇಟ್ಟೆನೋ, ವಿದ್ಯಾಗ ಇಟ್ಟೆನೋ, ಆ ಮಠದ ಮಹಾಂತಗ ಗೊತ್ತು.”

“ಮತ್ತ ಬಂದ್ರೇನ್ರಿ?”

“ಒಂದ ದಿನಾ ಬಂದ್ಲು. ಇಲ್ಲಿ ನನ್ನ ದನಿ ಮಕ್ಕಳಿಗೆ ಕೇಳತೈತಂತ. ಆಮ್ಯಾಲ ಬರಲಿಲ್ಲ.” ಹಾಳೆಯ ಅಂಚನ್ನು ನೇವರಿಸಿದಳು. “ನಾ ಈ ಅರ್ಧಾ ಅಧ್ಯಾಯನಽ ದಿನಾ ಓದತೇನಿ. ಮುಂದ ಓದಿದ್ರ ಮುಗದ ಹೋಗತೈತಿ.”

ದಾಕ್ಷಾಯಣಿ ಎದ್ದಳು. “ನಾ ಹೋಗಿ ಕರೀತೇನ್ರಿ. ಇವತ್ತ ಮಂಗಳಾ ಮಾಡೂಣು.”

“ಕರದು ನೋಡು. ಗಡಿಗಿ ಸುದ್ದಿ ಮಾತ್ರ ಎತ್ತಬ್ಯಾಡ.”

ಮೊದಲ ಅಂತಸ್ತಿನಲ್ಲಿ ಸಿದ್ರಾಮಪ್ಪ ಫೋನನ್ನು ಕಿಟಕಿಯ ಸರಳಿನ ನಡುವೆ ಹೊರಗೆ ಚಾಚಿ ಹಿಡಿದು ನಿಂತಿದ್ದ. ದೂರದ ಟವರಿನದು ಏನಾದರೂ ಸಿಕ್ಕೀತೆಂಬ ಆಸೆ. “ಪುರಾಣೇನವಾ? ಅಕ್ಕಗ ಹೇಳು, ಅಮಾಸಿ ಆಗಲಿ ಅಂತ. ಈಗ ಬೀಗರ ಕೂಡ ವಿಡಿಯೋದಾಗ ಮಾತುಕತಿ ಐತಿ. ನೀ ಮದಲ ಇದನ್ನ ನೋಡು.” ಎರಡನೆಯ ಅಂತಸ್ತಿನಲ್ಲಿ ಮಕ್ಕಳ ಪರೀಕ್ಷೆ. ಅವರ ತಾಯಿ ಬಾಗಿಲನ್ನು ಅರ್ಧವೇ ತೆರೆದು, “ಶುಕ್ರವಾರ ಆದ್ರ ಬರತಿದ್ವಿ ನೋಡ್ರಿ,” ಎಂದಳು.

ಮೂರನೆಯ ಅಂತಸ್ತಿನಲ್ಲಿ ವಿದ್ಯಾ ಫೋನಿನ ಎದುರು ಕೂತಿದ್ದಳು. ಪರದೆಯಲ್ಲಿ ಹದಿನಾಲ್ಕು ಮುಖಗಳು, ಹದಿನಾಲ್ಕೂ ನಿಂತಲ್ಲೇ ನಿಂತಿದ್ದವು. ಒಂದು ಹುಡುಗಿಯ ಕೈ ಪ್ರಶ್ನೆ ಕೇಳಲು ಎತ್ತಿದ್ದು ಹಾಗೇ ಉಳಿದಿತ್ತು.

“ನೋಡ್ರಿ, ಇಪ್ಪತ್ತ ದಿನದಿಂದ ಇಕಿ ಕೈ ಎತ್ತತಾಳ. ಏನ ಕೇಳತಾಳ ಅಂತ ನನಗ ಒಮ್ಮೆನೂ ಕೇಳಿಲ್ಲ.” ವಿದ್ಯಾಳ ಕಣ್ಣಲ್ಲಿ ನೀರಿತ್ತು. “ಇಕಿಗೆ ಮನ್ಯಾಗ ಹೇಳಿಕೊಡವರು ಯಾರಿಲ್ರಿ. ಇದೊಂದ ತಾಸು ಐತಿ. ನೀವು ಇದನ್ನ ಸರಿ ಮಾಡ್ರಿ, ಆಮ್ಯಾಲ ಪುರಾಣ, ಕೀರ್ತನಾ ಏನ ಬೇಕಾದ್ದು.”

ದಾಕ್ಷಾಯಣಿ ಇಳಿದು ಬಂದಳು. ಬಸಲಿಂಗವ್ವ ಅವಳ ಮುಖ ನೋಡಿದಳು. “ನಾನೂ ಹತ್ತಿ ಇಳದೇನಿ ತಂಗಿ. ಮೊಣಕಾಲು ಇನ್ನೂ ಹೇಳತಾವ,” ಎಂದಳು. ಆಮೇಲೆ: “ಆ ಹುಡಿಗಿ ಪಾಠಾ ನಡೀತೇನು?”

“ಇಲ್ರಿ. ಒಂದ ಕೂಸು ಕೈ ಎತ್ತಿ ಹಂಗಽ ಕುಂತೈತಿ.”

ಬಸಲಿಂಗವ್ವನ ಬೆರಳು ಹಾಳೆಯ ಮೇಲೆ ನಿಂತಿತು. “ಎಷ್ಟ ದಿನದಿಂದ?”

“ಇಪ್ಪತ್ತು.”

“ನಾ ಕಟ್ಟಿ ಹಾಕೇನಿ ಅಂದಂಗಾತು ಅದನ್ನ.” ಕಣ್ಣು ಮುಚ್ಚಿ ಹಣೆಯನ್ನು ಪುಸ್ತಕಕ್ಕೆ ಹಚ್ಚಿದಳು. ತೆಗೆದಾಗ ವಿಭೂತಿಯ ಗುರುತು ಹಾಳೆಗೆ ಹತ್ತಿತ್ತು. “ನಿನ್ನ ಕೆಲಸಾ ನೀ ಮಾಡು. ಹೆಂಗ ಮಾಡತಿ?”

“ಉಸರ ಇಲ್ಲದ್ದನ್ನ ಎಣಸಬ್ಯಾಡ ಅಂತ ಹೇಳತೇನ್ರಿ ಅದಕ್ಕ. ಎದ್ದಿರೂ ಹೊತ್ತಿನಾಗ ಅಷ್ಟಽ. ಆಮ್ಯಾಲ ನೀವು ಗಡಿಗಿ ಇಟ್ರೂ ಅದಕ್ಕ ಕಾಣಂಗಿಲ್ಲ.”

“ಅದಕ್ಕ ಕಾಣದಿದ್ರ ಅಡ್ಡಿಯಿಲ್ಲ. ಕಾಣಬೇಕಾದಂವಗ ಕಾಣತಾವ. ಮಾಡು.”

ದಾಕ್ಷಾಯಣಿ ಚೀಲದಿಂದ ಪರದೆಯ ಫಲಕ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮೊದಲು ಹನ್ನೊಂದು ಗಡಿಗೆಗಳೂ ಎಷ್ಟೆಷ್ಟು ಅಲೆ ಕುಡಿಯುತ್ತಿವೆ ಎಂದು ಒಂದೊಂದಾಗಿ ಅಳೆದು ಬರೆದುಕೊಂಡಳು. ಇದು ಕೆಲಸಕ್ಕೆ ಬೇಕಾಗಿರಲಿಲ್ಲ. ಆಮೇಲೆ ಒಂದು ಸಾಲು ಬರೆದಳು. ಒತ್ತುವ ಮುನ್ನ ಬೆರಳು ತಡೆಯಿತು. ಬಸಲಿಂಗವ್ವ ಅವಳ ಮಣಿಕಟ್ಟಿನ ಮೇಲೆ ತನ್ನ ಒದ್ದೆ ಕೈ ಇಟ್ಟಳು, ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೆ. ದಾಕ್ಷಾಯಣಿ ಒತ್ತಿದಳು.

ಫಲಕದಲ್ಲಿ ಹನ್ನೊಂದು ಚುಕ್ಕಿಗಳು ಒಂದೊಂದಾಗಿ ಆರಿದವು. ಪಡಸಾಲೆಯಲ್ಲಿ ಎರಡು ಉಳಿದವು. ಬಳ್ಳಿ ತುಸು ಹೊತ್ತು ತಡಕಾಡಿ, ಮೆಟ್ಟಿಲ ಬಾಯಿ ಹಿಡಿದು, ಒಂದು, ಎರಡು, ಮೂರು ಅಂತಸ್ತು ಏರಿತು. ಮೇಲೆ ಯಾರಾದರೂ ಖುಷಿಗೆ ಕೂಗಿರಬೇಕು. ಕಲ್ಲಿನ ಮನೆ, ಕೆಳಗೆ ಕೇಳಲಿಲ್ಲ.

“ಈಗ ಕೇಳು,” ಎಂದು ಬಸಲಿಂಗವ್ವ ಪುಟ ತಿರುವಿದಳು.

ಆ ಬಾಗಿಲು ಕೊನೆಗೂ ತೆರೆಯಲಿಲ್ಲ. ಶರಣ ಮುದುಕನಾದ. ಒಂದು ಬೆಳಗ್ಗೆ ಪತ್ರೆ ಇಡಲು ಬಗ್ಗಿದವನು ಏಳಲಿಲ್ಲ. ಅವನು ಹೋದ ಮೇಲೆ ಊರವರು ಬಾಗಿಲು ತೆಗೆದು ನೋಡಿದರೆ ಒಳಗೆ ಮನೆಯೇ ಇಲ್ಲ, ಒಂದು ಲಿಂಗ, ಅದರ ಮೇಲೆ ಅಷ್ಟೂ ವರ್ಷದ ದಳ, ಒಂದೂ ಬಾಡಿರಲಿಲ್ಲ. ಅಲ್ಲಿಗೆ ಪುರಾಣ ಮಂಗಳ.

ದಾಕ್ಷಾಯಣಿ ಗಂಟೆ ಬಾರಿಸಿದಳು. ಬಸಲಿಂಗವ್ವ ಪ್ರತಿ ಗಡಿಗೆಯ ಎದುರೂ ನಿಂತು, ಆಯಾ ಹೆಸರು ಹಿಡಿದು ಕರೆದು, ಆರತಿ ತೋರಿಸಿದಳು. ಹನ್ನೊಂದೂ ಮುಗಿದ ಮೇಲೆ ಕಂಬದ ಹತ್ತಿರ ಬಂದು ದಾಕ್ಷಾಯಣಿಗೂ ತೋರಿಸಿದಳು. ಗಡಿಗೆಯ ನೀರನ್ನು ಇಬ್ಬರೂ ಹೊತ್ತು ಹಿತ್ತಲ ಬಿಲ್ವದ ಬುಡಕ್ಕೆ ಹೊಯ್ದರು.

ಹೊರಡುವಾಗ ಮೆಟ್ಟಿಲಲ್ಲಿ ಸಿದ್ರಾಮಪ್ಪ ಸಿಕ್ಕ. “ಭೇಷ್ ತಂಗಿ! ಮಿಂಚ ಆಗೇತಿ. ಏನಾಗಿತ್ತು?”

“ತಪ್ಪು ನಂದಽ ರೀ ಕಾಕಾರ,” ಎಂದಳು. “ಶ್ರಾವಣದಾಗ ಕಲಿಯಾಕ ಬಿಟ್ಟಿದ್ದೆ. ಎಲ್ಲಾರೂ ದಿನಾ ಕೂಡಿ ಕುಂದರತೀರಿ ಅಂತ ತಿಳಕೊಂಡಿತ್ತು.”

ಸಿದ್ರಾಮಪ್ಪ ನಗಲು ಬಾಯಿ ತೆರೆದ. ಒಳಗಿನಿಂದ ಬೀಗರ ಕರೆ ಬಂತು. ಹೋದ.

*

ಸೋಮವಾರ ದೊಡ್ಡವರು ಬಂದು ನೋಡಿದರು. ಒಂಬತ್ತೂ ಮನೆ ಪಾಸಾಯಿತು. ಇಳಕಲ್ಲಿನ ಮನೆಗೆ ಎಲ್ಲಕ್ಕಿಂತ ಹೆಚ್ಚಿನ ಅಂಕ. ಕೆಂಪು ಕಲ್ಲಿನ ನಾಲ್ಕು ಅಂತಸ್ತಿನಲ್ಲಿ ಅಲೆ ಇಲ್ಲದ ಮೂಲೆ ಒಂದೂ ಇರಲಿಲ್ಲ. ಇನಾಮದಾರರು ಪೇಢೆ ಹಂಚಿದರು. ಉಸಿರಿಲ್ಲದ್ದನ್ನು ಎಣಿಸಬೇಡ ಎಂಬ ಸಾಲು ಎಲ್ಲ ಮನೆಗಳ ಬಳ್ಳಿಗೂ ಹೋಯಿತು.

ಸಂಜೆ ಏಳಕ್ಕೆ ಐದನೆಯ ಪರದೆಯಲ್ಲಿ ಹನ್ನೊಂದು ಚುಕ್ಕಿ ಮೇಲೆ, ಒಂದು ಕೆಳಗೆ. ಈಗ ಯಾರಿಗೂ ಇಳಿದು ಬರುವ ಕಾರಣವಿರಲಿಲ್ಲ. ಅವಳು ಕಟ್ಟಿದ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು. ಕೆಳಗಿನ ಒಂಟಿ ಚುಕ್ಕಿ ದೇವರ ಕೋಣೆಗೆ ಹೋಗುವುದು, ಬರುವುದು, ಕೂರುವುದು. ಹಿಗ್ಗುವುದು, ಕುಗ್ಗುವುದು. ದಾಕ್ಷಾಯಣಿ ರೊಟ್ಟಿ ಬಿಚ್ಚುವಳು. ಎರಡು ತುತ್ತಿಗೆ ಡಬ್ಬಿ ಮುಚ್ಚುವಳು.

ಬಳ್ಳಿ ಗಡಿಗೆಗಳನ್ನು ಎಣಿಸುವುದನ್ನು ಬಿಟ್ಟಿತ್ತು, ನಿಜ. ಆದರೆ ಅಲೆ ಕುಡಿಯುವ ನೀರು ಕುಡಿಯುವುದನ್ನು ಬಿಡುವುದಿಲ್ಲ. ಯಾವ ಗೆಣ್ಣಿನಲ್ಲಿ ಎಷ್ಟು ಅಲೆ ಕಳೆಯಿತು ಎಂಬ ಹಸಿ ಅಂಕಿಗಳು ಪರದೆಯ ಹಿಂದೆ ಬಂದು ಬೀಳುತ್ತಲೇ ಇರುತ್ತವೆ. ಅವನ್ನು ಯಾರೂ ನೋಡುವುದಿಲ್ಲ. ದಾಕ್ಷಾಯಣಿ ದಿನವೂ ನೋಡುವಳು, ಪೆನ್ಸಿಲು ಹಿಡಿದು. ಪಡಸಾಲೆಯಲ್ಲಿ ಕಳೆದದ್ದು ಒಬ್ಬಳಿಗೆ ಸಾಕಾಗುವಷ್ಟೇ. ಪೂರ್ತಿ ಆಶ್ವಯುಜ ಹಾಗೇ ಹೋಯಿತು.

ಕಾರ್ತಿಕದ ಮೊದಲ ಸಂಜೆ ಅಂಕಿಗಳು ಬೇರೆಯಾಗಿದ್ದವು.

ಪರದೆಯ ಮೇಲೆ ಪಡಸಾಲೆಯಲ್ಲಿ ಒಂದೇ ಚುಕ್ಕಿ. ಆದರೆ ಹಸಿ ಲೆಕ್ಕದಲ್ಲಿ ಬಹಳ ಕಳೆದಿತ್ತು. ಅವಳು ತನ್ನ ಹಳೆಯ ಬರಹದ ಹಾಳೆ ತೆಗೆದಳು. ಗೋಡೆಯ ಹತ್ತಿರದ ದೊಡ್ಡ ಗಡಿಗೆ: ಇದೆ. ಮೆಟ್ಟಿಲ ಬುಡದ್ದು: ಇದೆ. ಮಕ್ಕಳವು ನಾಲ್ಕು: ಇವೆ. ಒಂದೊಂದನ್ನೇ ಕಳೆಯುತ್ತ ಹೋದಳು. ಹನ್ನೊಂದೂ ಆದವು. ಅತ್ತಿ ಹೊಸ ಪುರಾಣ ಹಿಡಿದಿದ್ದಾಳೆ.

ಆದರೂ ಸ್ವಲ್ಪ ಉಳಿದಿತ್ತು.

ಕೂಡಿಸುವುದರಲ್ಲಿ ತಪ್ಪಿರಬೇಕೆಂದು ಮತ್ತೆ ಲೆಕ್ಕ ಹಾಕಿದಳು. ತಪ್ಪಿರಲಿಲ್ಲ. ಇನ್ನೊಂದು ಗಡಿಗೆಯ ನೀರಿನಷ್ಟು ಅಲೆ ಎಲ್ಲೋ ಕಳೆದಿತ್ತು. ನಾಲ್ಕು ಗೆಣ್ಣುಗಳ ಅಂಕಿ ಹಿಡಿದು, ಎಲ್ಲಿ ಎಂದು ಗೆರೆ ಎಳೆದಳು. ಗೆರೆಗಳು ಬಂದು ಕೂಡಿದ್ದು ಬಾಗಿಲ ಹತ್ತಿರದ ಕಂಬದ ಬುಡದಲ್ಲಿ.

“ಏನವಾ, ಮನೀಗೆ ಹೋಗಂಗಿಲ್ಲೇನು?” ಎಂದರು ಇನಾಮದಾರರು ಬಾಗಿಲಿನಿಂದ. “ಎಲ್ಲಾ ಸರಿ ಐತೆಲ್ಲ?”

“ಎಲ್ಲಾ ಸರಿ ಐತ್ರಿ ಸರ್. ನೀವು ನಡೀರಿ. ನಾ ಎಂಟಕ್ಕ ಹೋಗತೇನಿ.”

ಅವರು ಹೋದ ಮೇಲೆ ಮೇಜಿನ ಕೆಳಗೆ ಚಪ್ಪಲಿ ಬಿಟ್ಟಳು. ಓಢಣಿಯನ್ನು ತಲೆಯ ಮೇಲೆ ಹೊದ್ದಳು. ಫೋನನ್ನು ಆರಿಸಿ ದೂರ ಇಟ್ಟಳು. ಪರದೆಯಲ್ಲಿ ಆ ಒಂದು ಚುಕ್ಕಿ ನಿಧಾನಕ್ಕೆ ಹಿಗ್ಗಿ, ನಿಧಾನಕ್ಕೆ ಕುಗ್ಗುತ್ತಿತ್ತು. ಓದು ಸಾಗಿತ್ತು. ದನಿ ಕೇಳಿಸುವಂತಿರಲಿಲ್ಲ.

ದಾಕ್ಷಾಯಣಿ ಕೈಕಟ್ಟಿ, ಎಂಟು ಹೊಡೆಯುವವರೆಗೂ, ತುಂಬಿದ ಗಡಿಗೆಯ ಹಾಗೆ ಅಲುಗದೆ ಕೂತು ಕೇಳಿದಳು.